ಖಾನ್‌ಸಾಹೇಬರ ಹಾಡು, ಖಾನ್‌ಸಾಹೇಬರ ಮನೆ

ನಾವು ಮೂವರೂ ಈ ಕಡೆಯವರೇ. ಒಬ್ಬಳು ಆಳಂದದವಳು, ಒಬ್ಬ ಅಫಜಲಪುರದವ, ಇನ್ನೊಬ್ಬ ಜೇವರ್ಗಿಯವ. ಕ್ಲಬ್ಬಿನ ಈ ಸಂಚಿಕೆಯ ಕೆಲಸ ನಮ್ಮ ತಲೆಗೆ ಬಂದಿದ್ದರಿಂದ ಲೇಖನವನ್ನೂ ಕೂಡಿಯೇ ಬರೆದೆವು. ಅದಕ್ಕೇ ಎಲ್ಲಾ ಕಡೆ ‘ನಾವು’. ಜಗಳ ಬಂದಲ್ಲಿ ಮಾತ್ರ ಯಾರ ಊರು ಯಾವುದು ಅಂತ ಹೇಳ್ತೀವಿ.

ಜಗಳ ಶುರುವಾಗಿದ್ದು ಕ್ಯಾಂಟೀನಿನಲ್ಲಿ. ಜೇವರ್ಗಿಯವನ ಬೈಕಿನ ಮೇಲೆ ಅವನ ಮೆಚ್ಚಿನ ಹೀರೋನ ದೊಡ್ಡ ಸ್ಟಿಕ್ಕರ್ ಇತ್ತು. ಆ ಹೀರೋನ ಬಗ್ಗೆ ಕೇಳಬಾರದ ಮಾತು ಕೇಳಿ ಬಂದ ದಿನ ಇವನು ಬ್ಲೇಡ್ ತಗೊಂಡು ಸ್ಟಿಕ್ಕರ್ ಕೆರೆಯೋಕೆ ಕೂತ. ಅರ್ಧ ಕೆರೆದ, ಆಮೇಲೆ ಕೈ ಬರಲಿಲ್ಲ. ಇವತ್ತಿಗೂ ಅರ್ಧ ಮುಖ ಹಾಂಗೇ ಇದೆ. ಅಫಜಲಪುರದವ ನಕ್ಕ: ಆ್ಯಕ್ಟಿಂಗ್ ಇಷ್ಟ ಆದರೆ ಆ್ಯಕ್ಟಿಂಗ್ ನೋಡು, ಅವನ ಮನೆ ಬಾಗಿಲು ಯಾಕೆ ತಟ್ಟತೀ ಅಂತ. ಆಳಂದದವಳು ಬೇರೆಯೇ ಹೇಳಿದಳು. ದೊಡ್ಡ ಕಲಾವಿದರು ಮನುಷ್ಯರಾಗಿಯೂ ದೊಡ್ಡವರೇ ಇರ್ತಾರೆ, ನಿಮ್ಮ ಹೀರೋಗಳು ಸಣ್ಣವರು ಅಷ್ಟೇ, ಬೇಕಾದರೆ ನಮ್ಮ ಅಜ್ಜನ ಖಾನ್‌ಸಾಹೇಬರನ್ನು ನೋಡಿ ಅಂದಳು.

ಅಜ್ಜ ಆಳಂದದ ಲಾಡ್ಲೆ ಮಶಾಕ್ ದರ್ಗಾದ ಉರುಸು ತಪ್ಪಿಸಿದವರಲ್ಲ. ಮೈಯಲ್ಲಿ ಶಕ್ತಿ ಇರೋ ತನಕ ಸೊಲ್ಲಾಪುರದ ಮೇಲೆ ಹಾದು ಮಿರಜದ ಉರುಸಿಗೂ ಹೋಗಿ ರಾತ್ರಿಯಿಡೀ ಹಾಡು ಕೇಳಿ ಬಂದವರು. ಅವರ ಪಡಸಾಲೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಮೀಸೆಯ ಒಬ್ಬ ಸಾಹೇಬರ ಹಳೇ ಫೋಟೋ. ಉಸ್ತಾದ್ ಅಬ್ದುಲ್ ಕರೀಂ ಖಾನ್. ಹಾಡುಗಾರ ಅಲ್ಲ, ಸಂತ ಅಂತಲೇ ಮೊಮ್ಮಕ್ಕಳಿಗೆಲ್ಲ ಗೊತ್ತು.

ಸರಿ, ಹಾಂಗಾದರೆ ಸಂತರ ಮೇಲೆಯೇ ಬರೆಯೋಣ ಅಂತ ಲೈಬ್ರರಿಗೆ ಹೋದೆವು. ಸಿಕ್ಕಿದ್ದು ಹೀಗಿದೆ.

ಅಬ್ದುಲ್ ಕರೀಂ ಹುಟ್ಟಿದ್ದು 1872ರಲ್ಲಿ, ಉತ್ತರ ಪ್ರದೇಶದ ಕೈರಾನಾ ಎಂಬ ಊರಲ್ಲಿ. ನಾವು ‘ಕಿರಾಣಾ ಘರಾಣೆ’ ಅಂತೀವಲ್ಲ, ಅದು ಈ ಊರಿನ ಹೆಸರು, ಕಿರಾಣಿ ಅಂಗಡಿಗೂ ಅದಕ್ಕೂ ಸಂಬಂಧ ಇಲ್ಲ (ನಮ್ಮಲ್ಲಿ ಒಬ್ಬರಿಗೆ ಇತ್ತೀಚಿನವರೆಗೂ ಆ ಡೌಟ್ ಇತ್ತು). ತಂದೆ ಕಾಲೇ ಖಾನ್, ಮನೆತನವೇ ಹಾಡು-ಸಾರಂಗಿಯದು. ಹುಡುಗ ಹಾಡಿನ ಜೊತೆ ಸಾರಂಗಿ, ಬೀನ್ ಎಲ್ಲಾ ಕಲಿತ. ಯೌವನದಲ್ಲಿ ಊರಲ್ಲೇ ಒಂದು ಮದುವೆ ಆಯ್ತು. ಹೆಂಡತಿ ಗಫೂರನ್, ಬಂಧು ಅಬ್ದುಲ್ ವಹೀದ್ ಖಾನರ ತಂಗಿ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಅಲ್ಲಿಂದ ತಮ್ಮ ಅಬ್ದುಲ್ ಹಕ್ ಜೊತೆ ಬಡೋದೆಯ ಗಾಯಕವಾಡರ ಆಸ್ಥಾನಕ್ಕೆ. ರಾಜಮನೆತನದ ನಂಟಿನ ಸರದಾರ ಮಾರುತಿರಾವ್ ಮಾನೆಯವರ ಮಗಳು ತಾರಾಬಾಯಿ ಅಲ್ಲಿ ಅವರ ಶಿಷ್ಯೆಯಾದಳು. ಪಾಠ ಪ್ರೀತಿಗೆ ತಿರುಗಿತು. ಆಗಿನ ಕಾಲ, ಆಸ್ಥಾನದ ಗವಾಯಿ, ಸರದಾರರ ಮಗಳು, ಮೇಲೆ ಧರ್ಮ ಬೇರೆ. ಇಬ್ಬರೂ ಬಡೋದೆ ಬಿಟ್ಟು ಓಡಿ ಮುಂಬಯಿ ಸೇರಿದರು. ತಾರಾಬಾಯಿ ಬಿಟ್ಟು ಬಂದದ್ದು ಸಣ್ಣ ಮನೆಯಲ್ಲ, ಸಣ್ಣ ಹೆಸರೂ ಅಲ್ಲ.

ಮುಂದೆ ಮಿರಜ ಅವರ ಊರಾಯಿತು. ಪ್ಲೇಗಿನ ದಿನಗಳಲ್ಲಿ ಅಲ್ಲಿ ಕಾಯಿಲೆ ಬಿದ್ದಾಗ ಖ್ವಾಜಾ ಶಂಸುದ್ದೀನ್ ಮೀರಾಸಾಹೇಬರ ದರ್ಗಾದ ಕೃಪೆಯಿಂದ ಎದ್ದರು ಅಂತ ಭಕ್ತರ ನಂಬಿಕೆ. ಅಂದಿನಿಂದ ಉರುಸಿಗೆ ಹಾಡಿನ ಸೇವೆ. ಮಿರಜ ಅಂದರೆ ತಂಬೂರಿ, ಸಿತಾರ್ ಮಾಡುವವರ ಊರು. ಖಾನ್‌ಸಾಹೇಬರು ಅವರ ಜೊತೆ ಕೂತು ವಾದ್ಯಗಳನ್ನು ಸ್ವತಃ ರಿಪೇರಿ ಮಾಡ್ತಿದ್ದರು. ಕುಂಬಳಬುರುಡೆ, ಜೀವಾಳದ ದಾರ, ಕುದುರೆಯ ಇಳಿಜಾರು, ಎಲ್ಲದರಲ್ಲೂ ಕೈ.

ನಮ್ಮ ಕಣ್ಣು ಅರಳಿದ್ದು ಸಾಂಗ್ಲಿಯ ಕತೆ ಓದಿ. ಕೃಷ್ಣಾಜಿ ಬಲ್ಲಾಳ ದೇವಲ್ ಎಂಬ ನಿವೃತ್ತ ಅಧಿಕಾರಿಗೆ 22 ಶ್ರುತಿಗಳನ್ನು ಅಳೆಯೋ ಹುಚ್ಚು. ಕ್ಲೆಮೆಂಟ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಜೊತೆಯಾದರು. ಅಳೆಯೋಕೆ ಒಂದು ಭದ್ರವಾದ ಸ್ವರದ ಮೂಲ ಬೇಕಲ್ಲ? ಅದು ಖಾನ್‌ಸಾಹೇಬರ ಗಂಟಲು. ಇಂದಿನ ಕೀಬೋರ್ಡಿನಲ್ಲಿ ಸಪ್ತಕವನ್ನು 12 ಸಮಪಾಲು ಮಾಡಿರ್ತಾರೆ. ಷಡ್ಜ 240 ಹರ್ಟ್ಝ್ ಇಟ್ಟರೆ ಅದರ ಗಾಂಧಾರ ಸುಮಾರು 302.4 ಬರುತ್ತೆ. ತಂಬೂರಿಯ ಒಳಗಿಂದ ತಾನಾಗಿ ಹೊಮ್ಮುವ ಗಾಂಧಾರ 5:4ರ ಅನುಪಾತದ್ದು, ಅಂದರೆ ಸರಿಯಾಗಿ 300. ಎರಡೂವರೆ ಹರ್ಟ್ಝ್‌ಗೂ ಕಡಿಮೆ ಫರಕು, ಲ್ಯಾಬಿನಲ್ಲಿ ನಾವು ‘ಎಕ್ಸ್‌ಪೆರಿಮೆಂಟಲ್ ಎರರ್’ ಅಂತ ಬರೆದು ಕೈ ತೊಳಕೊಳ್ಳೋ ಅಷ್ಟು. ಖಾನ್‌ಸಾಹೇಬರಂಥ ಕಿವಿಗೆ ಅದು ಹಲ್ಲಿಗೆ ಸಿಕ್ಕ ಕಲ್ಲು. ಯಾವ ಆಸಿಲೋಸ್ಕೋಪೂ ಇಲ್ಲದೆ, ಬರೀ ಕಿವಿ. ಆ ಅಳತೆಗೆ ಹೊಂದುವ ಶ್ರುತಿ ಹಾರ್ಮೋನಿಯಂ ಕೂಡ ಆಯಿತು. ಸಂಗೀತ ಪಂಡಿತರಲ್ಲಿ ಅದರ ಬಗ್ಗೆ ದೊಡ್ಡ ವಾದ ಎದ್ದಿತು, ಅದು ಇಲ್ಲಿ ಬೇಡ.

ಕರ್ನಾಟಕಕ್ಕೆ ಅವರು ಕೊಟ್ಟಿದ್ದು ಲೆಕ್ಕಕ್ಕೆ ಸಿಗಲ್ಲ. ಮೈಸೂರು ಅರಮನೆಗೆ ಹೋಗಿ ಬರುವಾಗ ಧಾರವಾಡದಲ್ಲಿ ತಂಗುತ್ತಿದ್ದರು. ಮೈಸೂರು ಅವರನ್ನು ‘ಸಂಗೀತ ರತ್ನ’ ಎಂದು ಗೌರವಿಸಿತು. ಅವರೂ ಬರಿಗೈಲಿ ಹೋಗಲಿಲ್ಲ, ದಕ್ಷಿಣಾದಿಯ ಸ್ವರ ಹಾಡುವ ರೀತಿಯನ್ನು ತಮ್ಮ ಖಯಾಲಿಗೆ ತಂದರು. ಒಂದು ತ್ಯಾಗರಾಜ ಕೃತಿಯನ್ನು ರೆಕಾರ್ಡೂ ಮಾಡಿದರು. ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿ ಕರ್ನಾಟಕಿ ಹಾಡುತ್ತಿದ್ದರು. ಅದನ್ನು ಕೇಳೋಕೆ ಇಷ್ಟು ದೊಡ್ಡ ಉಸ್ತಾದರು ಧಾರವಾಡದ ಅವರ ಮನೆಗೆ ಹೋಗಿ ಕೂಡುತ್ತಿದ್ದರು. ಕುಂದಗೋಳದ ರಾಮಭಾವು ಎಂಬ ಹುಡುಗ ಕಲಿಸಿ ಅಂತ ಬಂದಾಗ ಎಂಟು ವರ್ಷ ಬಿಟ್ಟು ಹೋಗಬಾರದು ಅಂತ ಷರತ್ತು ಹಾಕಿ ಕಲಿಸಿದರು. ನಾವು ನಾಲ್ಕು ವರ್ಷಕ್ಕೇ ಸುಸ್ತು. ಆ ಹುಡುಗ ಆಮೇಲೆ ನಾಟಕ ಕಂಪನಿ ಸೇರಿದ್ದು ಗುರುವಿಗೆ ಹಿಡಿಸಲಿಲ್ಲ. ಆದರೂ ಅವನೇ ಸವಾಯಿ ಗಂಧರ್ವ ಆದ, ಗಂಗೂಬಾಯಿ, ಭೀಮಸೇನ ಜೋಶಿ ಅವನ ಶಿಷ್ಯರಾದರು. ಇವತ್ತು ಹುಬ್ಬಳ್ಳಿ-ಧಾರವಾಡದ ಹಾಡು ಅಂತ ನಾವು ಎದೆ ಉಬ್ಬಿಸೋದರಲ್ಲಿ ದೊಡ್ಡ ಪಾಲು ಈ ಒಂದೇ ಬೇರಿನದು.

1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆಗೆದರು. ಬಡ ಹುಡುಗರಿಗೆ ಅಲ್ಲೇ ಊಟ, ಅಲ್ಲೇ ವಸತಿ, ಅಲ್ಲೇ ಪಾಠ. ಕಛೇರಿ ಮಾಡಿ ಬಂದ ದುಡ್ಡು ಅದಕ್ಕೇ ಹೋಗುತ್ತಿತ್ತು. ತಮ್ಮ ವಿದ್ಯೆಯನ್ನು ಮಕ್ಕಳಿಗಷ್ಟೇ ಬಚ್ಚಿಡುತ್ತಿದ್ದ ಉಸ್ತಾದರ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಇಲ್ಲಿವರೆಗೆ ಆಳಂದದವಳು ಗೆದ್ದಿದ್ದಳು.

ತಾರಾಬಾಯಿಗೆ ಐದು ಮಕ್ಕಳು. ಅಬ್ದುಲ್ ರಹಮಾನ್, ಕೃಷ್ಣ, ಚಂಪಾಕಲಿ, ಗುಲಾಬ್, ಸಕೀನಾ. 1920ರ ದಶಕದ ಆರಂಭದಲ್ಲಿ ಆಕೆ ಐದೂ ಮಕ್ಕಳನ್ನು ಕರಕೊಂಡು ಖಾನ್‌ಸಾಹೇಬರನ್ನು ಬಿಟ್ಟು ಹೊರಟುಬಿಟ್ಟರು. ಬರೀ ಮನೆ ಬಿಡಲಿಲ್ಲ. ಅಬ್ದುಲ್ ರಹಮಾನ್ ಸುರೇಶಬಾಬು ಮಾನೆ ಆದ. ಕೃಷ್ಣ ಕೃಷ್ಣರಾವ್ ಮಾನೆ. ಚಂಪಾಕಲಿ ಹೀರಾಬಾಯಿ. ಗುಲಾಬ್ ಕಮಲಾಬಾಯಿ. ಸಕೀನಾ ಸರಸ್ವತಿ. ತಂದೆಯ ಹೆಸರು ಯಾರ ಹೆಸರಿನ ಹಿಂದೆಯೂ ಉಳಿಯಲಿಲ್ಲ. ಮಾನೆ ಅಂದರೆ ತಾಯಿಯ ತವರಿನ ಹೆಸರು, ಯಾವ ಮನೆಯಿಂದ ಆಕೆ ಓಡಿ ಬಂದಿದ್ದಳೋ ಅದೇ.

ಇದನ್ನು ಓದಿದಾಗ ನಾವು ಮೂವರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಗಂಡ-ಹೆಂಡತಿ ನಡುವಿನ ಲೆಕ್ಕ ನೂರು ವರ್ಷದ ಮೇಲೆ ಹಾಸ್ಟೆಲಿನಲ್ಲಿ ಕೂತು ಬಗೆಹರಿಸುವಷ್ಟು ಮೂರ್ಖರು ನಾವಲ್ಲ. ಆದರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬಾಳಿದ ಹೆಂಗಸು ಮಕ್ಕಳ ಹೆಸರಿನಿಂದಲೇ ಒಬ್ಬ ಮನುಷ್ಯನನ್ನು ಅಳಿಸುತ್ತಾಳೆ ಅಂದರೆ ಒಳಗೆ ಏನೋ ಬಹಳ ಕೆಟ್ಟಿರಬೇಕು. ಕೈರಾನಾದ ಗಫೂರನ್ ಬೇರೆ ಇದ್ದಾಳೆ. ಅವಳನ್ನು ಕಡೆಗಣಿಸಿದರು ಎಂಬ ಸಿಟ್ಟಿಗೆ ಅಣ್ಣ ವಹೀದ್ ಖಾನ್ ಮತ್ತು ಕರೀಂ ಖಾನರ ನಂಟು ಕಹಿಯಾಗಿತ್ತು. ಒಂದಲ್ಲ, ಎರಡು ಮನೆ. ಸಾಲದ್ದಕ್ಕೆ ಮುಂದೆ ಶಿಷ್ಯೆಯೊಬ್ಬರೇ, ಬಾನೂಬಾಯಿ ಲಾಟ್ಕರ್, ಕೊನೆಗಾಲದ ಸಂಗಾತಿಯಾದರು.

ಎರಡೂವರೆ ಹರ್ಟ್ಝ್ ತಪ್ಪು ಕೇಳಿಸುತ್ತಿದ್ದ ಕಿವಿಗೆ ಮನೆಯೊಳಗಿನ ಅಪಸ್ವರ ಕೇಳಿಸಲಿಲ್ಲ ಅಂತ ಜೇವರ್ಗಿಯವ ಒಂದು ಸಾಲು ಬರೆದ. ಚಂದ ಇತ್ತು, ಚಪ್ಪಾಳೆ ಬೀಳುತ್ತಿತ್ತು. ಆದರೆ ಕಿವಿಯ ಸೂಕ್ಷ್ಮಕ್ಕೂ ಮನುಷ್ಯರ ಜೊತೆ ನಡಕೊಳ್ಳೋದಕ್ಕೂ ಕನೆಕ್ಷನ್ ಇದೆ ಅನ್ನೋ ಊಹೆ ಅದರೊಳಗೆ ಇದೆ. ಆಳಂದದವಳು ಕ್ಯಾಂಟೀನಿನಲ್ಲಿ ಹೇಳಿದ ಮಾತೇ, ತಲೆಕೆಳಗಾಗಿ. ಆ ಕನೆಕ್ಷನ್ ನಮಗೆ ಎಲ್ಲೂ ಕಾಣಲಿಲ್ಲ. ಸಾಲು ತೆಗೆದೆವು.

ನಮ್ಮ ವಾದವನ್ನೇ ಅಲುಗಾಡಿಸಿದ್ದು ಮಕ್ಕಳು ಮುಂದೆ ಮಾಡಿದ ಕೆಲಸ. ಹೆಸರು ಬಿಟ್ಟವರು ಹಾಡನ್ನೂ ಬಿಡಬಹುದಿತ್ತು. ಬಿಡೋ ಹಕ್ಕು ಅವರಿಗಿಂತ ಹೆಚ್ಚು ಯಾರಿಗಿತ್ತು? ಬಿಡಲಿಲ್ಲ. ಸುರೇಶಬಾಬು ಕಿರಾಣಾದ ದೊಡ್ಡ ಗುರುವಾದರು, ಪ್ರಭಾ ಅತ್ರೆ ಅವರ ಶಿಷ್ಯೆ. ಹೀರಾಬಾಯಿ ಬಡೋದೇಕರ್ ಹೆಣ್ಣುಮಕ್ಕಳು ಟಿಕೆಟ್ ಕಛೇರಿಯಲ್ಲಿ ಮರ್ಯಾದೆಯಿಂದ ಕೂತು ಹಾಡೋ ದಾರಿ ತೆರೆದರು, 1970ರಲ್ಲಿ ಪದ್ಮಭೂಷಣ ಬಂತು. ನಮ್ಮ ಗಂಗೂಬಾಯಿಗೆ ಅವರು ಅಕ್ಕನಂತೆ ಇದ್ದರು. ಸರಸ್ವತಿ ಮುಂದೆ ಸರಸ್ವತೀಬಾಯಿ ರಾಣೆ, ಸಿನಿಮಾಕ್ಕೂ ಹಾಡಿದರು. ಇವರೆಲ್ಲ ಹಾಡಿದ್ದು ಯಾವ ಗಾಯಕಿ? ಒಂದೊಂದು ಸ್ವರವನ್ನೂ ಮೆಲ್ಲಗೆ ಬಿಡಿಸುತ್ತ ಹೋಗುವ ಅದೇ ಕಿರಾಣಾ.

ಹೀರಾಬಾಯಿಗೆ ಕಲಿಸಿದ್ದು ಯಾರು ಗೊತ್ತೇನ್ರಿ? ಅಬ್ದುಲ್ ವಹೀದ್ ಖಾನ್. ಗಫೂರನ್‌ಳ ಅಣ್ಣ. ಯಾವ ಹೆಂಗಸಿನಿಂದಾಗಿ ತಂಗಿಯ ಸಂಸಾರ ಮುರಿಯಿತೋ ಆ ಹೆಂಗಸಿನ ಮಗಳನ್ನು ಎದುರಿಗೆ ಕೂರಿಸಿಕೊಂಡು ವರ್ಷಗಟ್ಟಲೆ ತಾಲೀಮು ಕೊಟ್ಟರು. ಅಫಜಲಪುರದವ ಇದನ್ನು ಓದಿ, ಇಂಥದ್ದು ಸಿನಿಮಾದಲ್ಲಿ ತೋರಿಸಿದರೆ ನಾವು ನಂಬೋದಿಲ್ಲ ಅಂದ.

ಖಾನ್‌ಸಾಹೇಬರು ಕೊನೆಯ ವರ್ಷಗಳಲ್ಲಿ ಹಾಡಿದ 78 ಆರ್‌ಪಿಎಂ ತಟ್ಟೆಗಳು ಇಂದು ಯೂಟ್ಯೂಬಿನಲ್ಲಿ ಸಿಗ್ತವೆ. ಒಂದೊಂದು ಮೂರು ನಿಮಿಷ ಚಿಲ್ಲರೆ. ಝಿಂಝೋಟಿಯ ಒಂದು ಠುಮ್ರಿ ಇದೆ. ಗದಗಿನ ಹುಡುಗ ಭೀಮಸೇನ ಗುರುವನ್ನು ಹುಡುಕುತ್ತ ಮನೆ ಬಿಟ್ಟು ರೈಲು ಹತ್ತಿದ್ದಕ್ಕೆ ಅದನ್ನೇ ಕಾರಣ ಹೇಳ್ತಾರೆ. ತೆಳ್ಳಗಿನ, ಎತ್ತರದ, ಸ್ವಲ್ಪ ಅಳು ತುಂಬಿದ ದನಿ. ಮನೆಯ ಕತೆ ತಿಳಿದ ಮೇಲೆ ಮತ್ತೆ ಕೇಳಿದೆವು. ಜೇವರ್ಗಿಯವನಿಗೆ ಮೊದಲಿನ ಹಾಂಗೆ ಕೇಳಿಸಲಿಲ್ಲ. ಆ ಅಳು ನಾಟಕ ಅನಿಸಿತಂತೆ. ಉಳಿದಿಬ್ಬರಿಗೆ ಹಾಂಗೇ ಕೇಳಿಸಿತು, ಹಾಂಗೇ ಕೇಳಿಸಿದ್ದಕ್ಕೆ ಆಳಂದದವಳಿಗೆ ತನ್ನ ಮೇಲೇ ಸಿಟ್ಟು ಬಂತು.

1937ರ ಅಕ್ಟೋಬರ್ 27. ಮದ್ರಾಸ್ ಕಡೆ ಕಛೇರಿ ಮುಗಿಸಿ ಪಾಂಡಿಚೇರಿಯ ಅರವಿಂದಾಶ್ರಮಕ್ಕೆ ರೈಲಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಎದೆನೋವು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿಸಿದರು. ಪ್ಲಾಟ್‌ಫಾರ್ಮಿನ ಮೇಲೆ ಹಾಸಿಗೆ ಹಾಸಿಸಿ, ತಂಬೂರಿ ಶ್ರುತಿ ಮಾಡಿಸಿ, ದರಬಾರಿಯಲ್ಲಿ ಪ್ರಾರ್ಥನೆ ಹಾಡುತ್ತ ಪ್ರಾಣ ಬಿಟ್ಟರು. ಮಿರಜಕ್ಕೆ ತಂದು ಮೀರಾಸಾಹೇಬರ ದರ್ಗಾದ ಆವರಣದಲ್ಲೇ ಮಣ್ಣು ಮಾಡಿದರು. ಸಂತ ಅನ್ನೋ ಮಾತು ಗಟ್ಟಿಯಾಗಿದ್ದು ಈ ಸಾವಿನಿಂದ ಅಂತ ನಮಗೆ ಅನಿಸುತ್ತೆ. ಒಳ್ಳೆಯ ಸಾವು ಹಿಂದಿನ ಬಹಳಷ್ಟನ್ನು ಮುಚ್ಚಿಬಿಡುತ್ತೆ.

ರಜೆಗೆ ಊರಿಗೆ ಹೋದಾಗ ಆಳಂದದವಳು ಧೈರ್ಯ ಮಾಡಿ ಅಜ್ಜನಿಗೆ ಎಲ್ಲಾ ಹೇಳಿದಳು. ಅಜ್ಜನಿಗೆ ಎಲ್ಲಾ ಗೊತ್ತಿತ್ತು! ಮಿರಜದಲ್ಲಿ ಅದು ಯಾರಿಗೂ ಗುಟ್ಟಲ್ಲವಂತೆ. ರೇಡಿಯೋದಲ್ಲಿ ಹೀರಾಬಾಯಿ ಬಂದರೆ ಕೆಲಸ ಬಿಟ್ಟು ಕೂತು ಕೇಳುತ್ತಿದ್ದರಂತೆ, ಅಪ್ಪನ ಮಗಳು ಅಂತಲೇ. ಹಾಂಗಾದರೆ ನಮಗೆ ಯಾಕೆ ಅರ್ಧ ಕತೆ ಹೇಳಿದಿ, ಅಜ್ಜಾ ಅಂತ ಇವಳು ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಅಜ್ಜನೇ ಕರೆದು, ಹೀರಾಬಾಯಿಯ ಒಂದು ಫೋಟೋ ನೆಟ್ಟಿನಲ್ಲಿ ಸಿಗ್ತದೇನು ನೋಡು ಅಂದರು. ಬಸ್ ಸ್ಟ್ಯಾಂಡಿನ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಟ್ಟಿದ್ದಾಳೆ. ಖಾನ್‌ಸಾಹೇಬರ ಫೋಟೋ ಈಗ ದೇವರ ಸಾಲಿನಲ್ಲಿ ಇಲ್ಲ. ಎದುರು ಗೋಡೆಗೆ, ಮಗಳ ಪಕ್ಕ.

ಮುಂದಿನ ಶುಕ್ರವಾರ ಕ್ಲಾಸ್ ಮುಗಿದ ಮೇಲೆ ಸೆಮಿನಾರ್ ಹಾಲಿನಲ್ಲಿ ಕ್ಲಬ್ಬಿನಿಂದ ಅಪ್ಪ-ಮಗಳ ಎರಡೂ ರೆಕಾರ್ಡ್ ಹಾಕ್ತೀವಿ. ಸ್ಪೀಕರ್ ಇಲೆಕ್ಟ್ರಾನಿಕ್ಸ್ ವಿಭಾಗದವರದು, ಚಹಾ ನಮ್ಮದು. ಯಾರದು ಮೊದಲು ಹಾಕಬೇಕು ಅನ್ನೋ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಜೇವರ್ಗಿಯವ ಮಗಳದು ಅಂತಾನೆ, ಅಫಜಲಪುರದವ ಹೆಸರೇ ಹೇಳದೆ ಹಾಕೋಣ ಅಂತಾನೆ. ಬಂದವರು ಹೇಳಿ.