ವಿದ್ಯಾಸುಂದರಿ ಬೆಂಗಳೂರು ನಾಗರತ್ನಮ್ಮ

ನಂಜನಗೂಡೆಂದೊಡನೆ ನಮ್ಮ ನೆನಪಿಗೆ ಬರುವುದು ಶ್ರೀಕಂಠೇಶ್ವರನ ದೇಗುಲ, ದೊಡ್ಡ ಜಾತ್ರೆಯ ರಥಗಳು, ರಸಬಾಳೆ, ಹೆಚ್ಚೆಂದರೆ ಹಲ್ಲುಪುಡಿ. ಇದೇ ಊರಿನಲ್ಲಿ ಹುಟ್ಟಿ, ತಮಿಳುನಾಡಿನಲ್ಲಿಯೂ ಆಂಧ್ರದಲ್ಲಿಯೂ ಮನೆಮಾತಾಗಿ, ನಾದಬ್ರಹ್ಮ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಮಹಿಳೆಯೊಬ್ಬರನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ಆಕೆಯ ಹೆಸರಿನ ಹಿಂದೆ ಬೆಂಗಳೂರು ಎಂಬ ಊರು ಸೇರಿಕೊಂಡುದರಿಂದ ಹುಟ್ಟಿದ ಊರು ಮರೆಯಾಯಿತು. ಆ ಮಹಿಳೆಯೇ ಬೆಂಗಳೂರು ನಾಗರತ್ನಮ್ಮನವರು. ತಮ್ಮ ಕಾಲದ ಗೌರವಸ್ಥರ ಬಾಯಲ್ಲಿ ಆಕೆ ಒಮ್ಮೆ ಗಾನಕೋಗಿಲೆ, ಇನ್ನೊಮ್ಮೆ ನಾಚಿಕೆಗೆಟ್ಟ ಹೆಂಗಸು. ಈ ಎರಡು ಮಾತುಗಳ ನಡುವೆ ಆಕೆ ಬಾಳಿದ ಬಾಳು ನಿಜವಾಗಿಯೂ ತಿಳಿಯತಕ್ಕದ್ದಾಗಿದೆ.

ನಾಗರತ್ನಮ್ಮನವರು ಜನಿಸಿದ್ದು 1878ನೆಯ ಇಸವಿ ನವೆಂಬರ್ 3ರಂದು. ತಾಯಿ ಪುಟ್ಟಲಕ್ಷ್ಮಮ್ಮ ದೇವದಾಸಿ ಮನೆತನಕ್ಕೆ ಸೇರಿದವರು. ದೇವಸ್ಥಾನದಲ್ಲಿಯೋ ಅರಮನೆಯಲ್ಲಿಯೋ ಹಾಡಿ ಕುಣಿದು ಸೇವೆ ಸಲ್ಲಿಸುವುದು ಆ ಮನೆತನಗಳ ಹೆಣ್ಣುಮಕ್ಕಳ ವೃತ್ತಿ. ಅವರಿಗೆ ಲೋಕರೂಢಿಯ ಮದುವೆಯಿಲ್ಲ, ಆಶ್ರಯದಾತನುಂಟು, ಪತಿಯಿಲ್ಲ. ಮಕ್ಕಳು ತಾಯಿಯ ಹೆಸರಿನಿಂದಲೇ ಗುರುತಾಗಬೇಕು. ತಂದೆ ವಕೀಲ ಸುಬ್ಬರಾಯರು ತಾಯಿಮಗಳ ಕೈಬಿಟ್ಟರು. ಹೀಗೆ ತಂದೆಯ ಹೆಸರು, ಮನೆ, ಆಸ್ತಿ ಇವಾವುದರ ಆಸರೆಯೂ ಇಲ್ಲದೆ ಆ ಬಾಲಿಕೆಯ ಜೀವನ ಮೊದಲಾಯಿತು.

ಪುಟ್ಟಲಕ್ಷ್ಮಮ್ಮನವರು ಎದೆಗೆಡಲಿಲ್ಲ. ಮೈಸೂರಿಗೆ ಬಂದು, ಅಲ್ಲಿಯ ಸಂಸ್ಕೃತ ವಿದ್ವಾಂಸರಾದ ಗಿರಿಭಟ್ಟ ತಿಮ್ಮಯ್ಯನವರ ಆಶ್ರಯದಲ್ಲಿ ಮಗಳನ್ನು ಓದಿಗೆ ಹಚ್ಚಿದರು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದೇ ವಿರಳವಾಗಿದ್ದ ಆ ದಿನಗಳಲ್ಲಿ ಈ ಬಾಲಿಕೆ ಸಂಸ್ಕೃತ ಕಾವ್ಯಗಳನ್ನು ಅಭ್ಯಾಸ ಮಾಡಿದಳು. ಬಾಲಿಕೆಯ ಬುದ್ಧಿ ಚುರುಕಾದಷ್ಟೂ ಗುರುವಿನ ಮನಸ್ಸು ಕಹಿಯಾಯಿತೆಂದು ಹೇಳುತ್ತಾರೆ. ಕಾರಣವೇನೇ ಇರಲಿ, ಆ ಆಶ್ರಯವೂ ತಪ್ಪಿತು. ಮಗಳನ್ನು ಮೆಚ್ಚತಕ್ಕ ವಿದುಷಿಯಾಗಿ ಮಾಡಿಯೇ ತೀರುವೆನೆಂದು ತಾಯಿ ಹಟ ತೊಟ್ಟು ಮೈಸೂರನ್ನು ಬಿಟ್ಟರು.

ಕೊನೆಗೆ ತಾಯಿಮಗಳಿಗೆ ನೆಲೆ ದೊರೆತದ್ದು ಬೆಂಗಳೂರಿನಲ್ಲಿ, ಪಿಟೀಲು ವಾದಕರಾಗಿದ್ದ ಬಂಧು ವೆಂಕಟಸ್ವಾಮಪ್ಪನವರ ಬಳಿ. ಅಲ್ಲಿ ಮುನಿಸ್ವಾಮಪ್ಪನವರಲ್ಲಿ ಸಂಗೀತದ ಪಾಠ ನಡೆಯಿತು. ಮುನಿಸ್ವಾಮಪ್ಪನವರು ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದವರು. ಮುಂದೆ ನಾಗರತ್ನಮ್ಮನವರ ಇಡೀ ಬಾಳಿಗೆ ದಿಕ್ಕು ತೋರಿದ ಆ ಹೆಸರು ಆಕೆಯ ಕಿವಿಗೆ ಬಿದ್ದುದು ಹೀಗೆ. ಸಂಗೀತದ ಜೊತೆಗೆ ನೃತ್ಯ, ಪಿಟೀಲು, ತೆಲುಗು, ಇಂಗ್ಲಿಷ್ ಎಲ್ಲವನ್ನೂ ಆಕೆ ಕಲಿತರು. ಹದಿಹರೆಯದಲ್ಲಿಯೇ ತಾಯಿ ತೀರಿಕೊಂಡರು. ಹದಿನೈದನೆಯ ವಯಸ್ಸಿನಲ್ಲಿ ವಿದ್ವಾಂಸರ ಸಭೆಯ ಮುಂದೆ ಮೊದಲ ಬಾರಿಗೆ ನಿಂತಾಗ ಆ ಹುಡುಗಿಯ ಹಿಂದೆ ತಾಯಿಯ ಹಟವೊಂದೇ ಇತ್ತು.

ಮುಂದೆ ಮೈಸೂರು ಅರಮನೆಯಲ್ಲಿ ಮನ್ನಣೆ ಸಿಕ್ಕಿತು, ಆಸ್ಥಾನ ವಿದುಷಿಯೆಂಬ ಹೆಸರೂ ಬಂದಿತು. ಬೆಂಗಳೂರಿನಲ್ಲಿ ನ್ಯಾಯಾಧೀಶ ನರಹರಿರಾಯರು ಆಕೆಯ ಆಶ್ರಯದಾತರಾದರು. ಹನುಮಂತನಗರದ ಬಳಿ ಇಂದಿಗೂ ನರಹರಿರಾಯನ ಗುಡ್ಡವೆಂದು ಕರೆಯುವ ಸ್ಥಳಕ್ಕೆ ಹೆಸರು ಕೊಟ್ಟವರು ಇವರೇ. ಅಂದಿನ ದೊಡ್ಡ ಮನುಷ್ಯರೊಬ್ಬರ ಸ್ನೇಹವನ್ನು ಊರೆಲ್ಲ ಆಡಿಕೊಂಡಿತು. ಇನ್ನೂ ದೊಡ್ಡ ರಸಿಕಸಮೂಹವನ್ನು ಅರಸಿ ನಾಗರತ್ನಮ್ಮನವರು ಮದರಾಸಿಗೆ ತೆರಳಿದರು. ಅರಮನೆಗಳ ಪೋಷಣೆ ಕುಗ್ಗಿ, ಸಭೆಗಳೂ ಟಿಕೆಟ್ಟು ಕೊಳ್ಳುವ ಶ್ರೋತೃಗಳೂ ಕಲಾವಿದರನ್ನು ಸಾಕತೊಡಗಿದ್ದ ಕಾಲವದು. ಈ ಬದಲಾವಣೆಯನ್ನು ಆಕೆ ಬೇಗ ಅರಿತರು. ಕಚೇರಿ ಮಾಡಿದರು, ಹರಿಕಥೆ ಮಾಡಿದರು, ಗ್ರಾಮಫೋನಿಗೆ ಹಾಡಿದರು. ಆಕೆಯೇ ಇಟ್ಟಿದ್ದ ಲೆಕ್ಕದಂತೆ 1905ರಿಂದ 1934ರ ವರೆಗೆ 146 ಊರುಗಳಲ್ಲಿ 1,235 ಕಾರ್ಯಕ್ರಮಗಳು ನಡೆದುವು. ಮದರಾಸಿನಲ್ಲಿ ಆದಾಯ ತೆರಿಗೆ ಸಲ್ಲಿಸಿದ ಮೊದಲ ಕಲಾವಿದೆಯೆಂಬ ಕೀರ್ತಿಯೂ ಆಕೆಯದು. ದಿಕ್ಕಿಲ್ಲದ ಹುಡುಗಿ ತನ್ನ ಸಂಪಾದನೆಗೆ ತಾನೇ ಲೆಕ್ಕ ಬರೆದಿಟ್ಟು, ತಾನೇ ತೆರಿಗೆ ಕಟ್ಟುವವರೆಗೆ ಬೆಳೆದಿದ್ದಳು.

ಆಕೆಯ ಮೇಲೆ ಎಲ್ಲಕ್ಕಿಂತ ದೊಡ್ಡ ಅಪವಾದ ಬಂದುದು ಹಾಡಿನಿಂದಲ್ಲ, ಪುಸ್ತಕದಿಂದ. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಮರಾಠಾ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿ ಮುದ್ದುಪಳನಿ ಎಂಬ ಕವಯಿತ್ರಿಯಿದ್ದಳು. ಆಕೆಯೂ ಗಣಿಕೆಯೇ. 'ರಾಧಿಕಾ ಸಾಂತ್ವನಮು' ಎಂಬ ಆಕೆಯ ತೆಲುಗು ಕಾವ್ಯದಲ್ಲಿ ರಾಧೆಯ ಪ್ರೇಮ, ಅಸೂಯೆ, ಕೋಪಗಳೂ ಕೃಷ್ಣನು ಅವಳನ್ನು ಸಮಾಧಾನಪಡಿಸುವುದೂ ಬಣ್ಣಿತವಾಗಿವೆ. ವಿಧವಾವಿವಾಹಕ್ಕಾಗಿ ಹೋರಾಡಿದ ಸುಧಾರಕರೂ ಹಿರಿಯ ಸಾಹಿತಿಗಳೂ ಆದ ಕಂದುಕೂರಿ ವೀರೇಶಲಿಂಗಂ ಪಂತುಲು ಅವರು ತಮ್ಮ ಕವಿಚರಿತ್ರೆಯಲ್ಲಿ ಈ ಕಾವ್ಯವನ್ನೂ ಕವಯಿತ್ರಿಯನ್ನೂ ಕಟುವಾಗಿ ಖಂಡಿಸಿದ್ದರು. ಹೆಣ್ಣೊಬ್ಬಳು ಇಂತಹುದನ್ನು ಬರೆಯುವುದೇ ಅವರಿಗೆ ಅಸಹ್ಯವಾಗಿತ್ತು. ಹಿಂದೆ ಅಚ್ಚಾಗಿದ್ದ ಪ್ರತಿಯಲ್ಲಿ ಎಷ್ಟೋ ಪದ್ಯಗಳನ್ನು ಕೈಬಿಡಲಾಗಿತ್ತು. ಮುದ್ದುಪಳನಿ ತನ್ನ ವಂಶವನ್ನು ಹೇಳಿಕೊಂಡ ಭಾಗವೂ ಅದರಲ್ಲಿ ಇರಲಿಲ್ಲ. ನಾಗರತ್ನಮ್ಮನವರು ಹಸ್ತಪ್ರತಿಯನ್ನು ಹುಡುಕಿ ತರಿಸಿ, ಎರಡನ್ನೂ ಹೋಲಿಸಿ ನೋಡಿ, ಬಿಟ್ಟುಹೋದುದನ್ನು ಸೇರಿಸಿ, 1910ರಲ್ಲಿ ವಾವಿಳ್ಳ ಪ್ರಕಾಶಕರ ಮೂಲಕ ಪೂರ್ಣಕಾವ್ಯವನ್ನು ಹೊರತಂದರು.

ಅದಕ್ಕೆ ಬರೆದ ಮುನ್ನುಡಿಯಲ್ಲಿ ಆಕೆ ಕೇಳಿದ ಪ್ರಶ್ನೆ ಸರಳವಾದುದು. ಶೃಂಗಾರವನ್ನು ಗಂಡಸು ಬರೆದರೆ ಕಾವ್ಯ, ಹೆಂಗಸು ಬರೆದರೆ ಹೊಲಸು ಎನ್ನುವುದು ಯಾವ ನ್ಯಾಯ? ನಾಚಿಕೆ ಹೆಣ್ಣಿಗೆ ಮಾತ್ರ ಸಹಜವಾದುದೇ? ಇದಕ್ಕಿಂತ ಹೆಚ್ಚಾದ ಶೃಂಗಾರವುಳ್ಳ ಪುರುಷಕವಿಗಳ ಗ್ರಂಥಗಳನ್ನು ಪಂತುಲು ಅವರು ಒಪ್ಪಿಕೊಂಡಿಲ್ಲವೇ ಎಂದೂ ಆಕೆ ತೋರಿಸಿಕೊಟ್ಟರು. ದೇವದಾಸಿಯೊಬ್ಬಳು ಅಂಥ ಪಂಡಿತರೊಡನೆ ವಾದಕ್ಕೆ ನಿಂತುದೇ ಹಲವರಿಗೆ ಸಹಿಸದಾಯಿತು. ಪುಸ್ತಕ ಅಶ್ಲೀಲವೆಂದು ಸರಕಾರಕ್ಕೆ ದೂರು ಹೋಯಿತು, 1911ರಲ್ಲಿ ಪೊಲೀಸರು ಪ್ರತಿಗಳನ್ನು ವಶಪಡಿಸಿಕೊಂಡರು, ನಿಷೇಧ ಬಿದ್ದಿತು. ಅದು ರದ್ದಾದುದು ಮದರಾಸಿನಲ್ಲಿ ಟಂಗುಟೂರಿ ಪ್ರಕಾಶಂ ಅವರ ಮಂತ್ರಿಮಂಡಲವಿದ್ದ 1946-47ರ ಅವಧಿಯಲ್ಲಿ. ಮೂವತ್ತೈದು ವರ್ಷ ತಡವಾದರೂ ಜಯ ನಾಗರತ್ನಮ್ಮನವರದಾಯಿತು. ಅದನ್ನು ನೋಡಲು ಆಕೆ ಇನ್ನೂ ಬದುಕಿದ್ದರು.

ಇನ್ನು ತಿರುವೈಯಾರಿನ ವಿಷಯ. ನಮ್ಮ ನಂಜನಗೂಡನ್ನು ಹಾದುಹೋಗುವ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಆ ಕಾವೇರಿ ತಮಿಳುನಾಡಿನಲ್ಲಿ ತಿರುವೈಯಾರಿನ ಮಗ್ಗುಲಲ್ಲಿಯೇ ಹರಿಯುತ್ತಾಳೆ. ತ್ಯಾಗರಾಜರು 1847ರಲ್ಲಿ ಸಿದ್ಧಿ ಹೊಂದಿದ್ದು ಅಲ್ಲಿ. ನದಿ ಹಿಡಿದ ದಾರಿಯನ್ನೇ ನಾಗರತ್ನಮ್ಮನವರ ಬಾಳೂ ಹಿಡಿಯಿತು. ಆ ದಾರಿ ತೋರಿಸಿದವರು ಮೈಸೂರಿನ ಆಸ್ಥಾನ ವಿದ್ವಾನ್ ಬಿಡಾರಂ ಕೃಷ್ಣಪ್ಪನವರು. ನರಸೀಪುರದ ಹೆಮ್ಮೆಯಾದ ಪಿಟೀಲು ಚೌಡಯ್ಯನವರಿಗೂ ಇವರೇ ಗುರುಗಳು. ನಾಗರತ್ನಮ್ಮನವರೂ ಇವರಲ್ಲಿ ಪಾಠ ಹೇಳಿಸಿಕೊಂಡಿದ್ದರು. ತ್ಯಾಗರಾಜರ ಸಮಾಧಿ ಹಾಳುಬಿದ್ದಿದೆಯೆಂದು ಕೃಷ್ಣಪ್ಪನವರು ಶಿಷ್ಯೆಗೆ ಕಾಗದ ಬರೆದರು. ಶಿಷ್ಯೆ ಕೂಡಲೇ ಕಾರ್ಯಪ್ರವೃತ್ತರಾದರು. ನಿವೇಶನವನ್ನು ಪಡೆದು, 1921ರಲ್ಲಿ ಅಸ್ತಿಭಾರ ಹಾಕಿಸಿ, ಒಡವೆಗಳನ್ನೂ ಗಳಿಕೆಯನ್ನೂ ಸುರಿದು, 1925ರ ಹೊತ್ತಿಗೆ ಗುಡಿಯನ್ನು ಪೂರೈಸಿದರು. ಸ್ವಾಮಿಗಳ ವಿಗ್ರಹ ಸ್ಥಾಪನೆಯಾಯಿತು, ನಿತ್ಯಪೂಜೆ ನೆಲೆಗೊಂಡಿತು.

ಗುಡಿ ಆಕೆಯದು, ಆದರೆ ಅಲ್ಲಿ ಹಾಡುವ ಹಕ್ಕು ಮಾತ್ರ ಆಕೆಗಿರಲಿಲ್ಲ! ಪುಷ್ಯ ಬಹುಳ ಪಂಚಮಿಯ ಆರಾಧನೆಯನ್ನು ಅಂದು ಪೆರಿಯ ಕಚ್ಚಿ, ಚಿನ್ನ ಕಚ್ಚಿ, ಅಂದರೆ ದೊಡ್ಡ ಪಕ್ಷ, ಚಿಕ್ಕ ಪಕ್ಷ ಎಂಬ ಎರಡು ಗುಂಪುಗಳು ಪೈಪೋಟಿಯಿಂದ ನಡೆಸುತ್ತಿದ್ದುವು. ಎಲ್ಲದರಲ್ಲೂ ಜಗಳವಾಡುತ್ತಿದ್ದ ಈ ಪಕ್ಷಗಳು ಹೆಂಗಸರು ಹಾಡಕೂಡದೆಂಬ ಒಂದು ವಿಷಯದಲ್ಲಿ ಮಾತ್ರ ಒಂದಾಗಿದ್ದುವು. ನಾಗರತ್ನಮ್ಮನವರು ಅಳುತ್ತ ಕೂರಲಿಲ್ಲ. ಸಮಾಧಿಯ ಹಿಂಬದಿಯಲ್ಲಿ ಕಲಾವಿದೆಯರನ್ನು ಕೂಡಿಸಿ ತಾವೇ ಮೂರನೆಯ ಆರಾಧನೆಯನ್ನು ಆರಂಭಿಸಿದರು. ಜನ ಇದನ್ನು ಹೆಂಗಸರ ಪಕ್ಷವೆಂದು ಕರೆದು ನಕ್ಕರು. ನಗುತ್ತಿದ್ದಂತೆಯೇ ಪಕ್ಷ ಬೆಳೆಯಿತು. 1940-41ರಲ್ಲಿ ಮೂರು ಪಕ್ಷಗಳೂ ಒಂದಾದಾಗ, ಹೆಂಗಸರು ತ್ಯಾಗರಾಜರ ಸನ್ನಿಧಿಯಲ್ಲಿ ಗಂಡಸರಿಗೆ ಸಮನಾಗಿ ಹಾಡುವಂತಾಯಿತು. ಇಂದು ಆರಾಧನೆಯ ದಿನ ಪಂಚರತ್ನ ಕೃತಿಗಳ ಗೋಷ್ಠಿಯಲ್ಲಿ ಕುಳಿತುಕೊಳ್ಳುವ ಪ್ರತಿಯೊಬ್ಬ ಗಾಯಕಿಯೂ ಈ ಹಟಕ್ಕೆ ಋಣಿ.

ಆಕೆಯ ಬಾಳಿನಲ್ಲಿ ನಾವು ಒಪ್ಪಲು ತಡೆಯುವ ಒಂದು ಸಂಗತಿಯುಂಟು. 1927ರಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ದೇವದಾಸಿ ಪದ್ಧತಿಯನ್ನು ನಿಲ್ಲಿಸಬೇಕೆಂದು ಮದರಾಸು ಶಾಸನ ಸಭೆಯಲ್ಲಿ ಪ್ರಸ್ತಾಪ ತಂದಾಗ, ನಾಗರತ್ನಮ್ಮನವರು ಅದರ ವಿರುದ್ಧ ದೇವದಾಸಿಯರ ಸಂಘದ ಮುಂದಾಳಾದರು. ಮುತ್ತುಲಕ್ಷ್ಮಿಯವರ ತಾಯಿಯೂ ಅದೇ ಸಮುದಾಯದಿಂದ ಬಂದವರು. ಇಬ್ಬರೂ ವಿದ್ಯಾವಂತೆಯರು, ಇಬ್ಬರೂ ಹೆಣ್ಣಿನ ಮಾನಕ್ಕಾಗಿ ಮಾತನಾಡಿದವರು. ಎಳೆಯ ಹುಡುಗಿಯರು ಈ ಪದ್ಧತಿಯಿಂದ ಪಟ್ಟ ಪಾಡನ್ನು ವೈದ್ಯೆ ಕಂಡಿದ್ದರು. ವಿದ್ಯೆ, ಆಸ್ತಿ, ಸ್ವಾತಂತ್ರ್ಯಗಳನ್ನು ಅದರಲ್ಲಿಯೇ ಸಂಪಾದಿಸಿದ್ದ ಗಾಯಕಿ ಅವು ಕೈಬಿಟ್ಟು ಹೋಗುವುದನ್ನು ಕಂಡರು. 1947ರಲ್ಲಿ ಕಾನೂನು ಬಂದಿತು, ಬರಬೇಕಾದುದೇ ನ್ಯಾಯ. ಆದರೆ ಆ ಹೆಣ್ಣುಮಕ್ಕಳ ಕಲೆಯನ್ನು ಸಮಾಜ ತನ್ನದಾಗಿಸಿಕೊಂಡು ಕಲಾವಿದೆಯರನ್ನು ಹೊರಗೆ ನಿಲ್ಲಿಸಿತೆಂಬ ಆಕೆಯ ಅಳಲನ್ನು ಸುಳ್ಳೆನ್ನಲು ಯಾರಿಗೂ ಬಾಯಿ ಬರಲಾರದು.

ವೃದ್ಧಾಪ್ಯದಲ್ಲಿ ನಾಗರತ್ನಮ್ಮನವರು ಮದರಾಸನ್ನು ಬಿಟ್ಟು ತಿರುವೈಯಾರಿನಲ್ಲಿಯೇ ನೆಲಸಿದರು. 1949ರಲ್ಲಿ ಉಯಿಲು ಬರೆದು ತಮ್ಮ ಆಸ್ತಿಯನ್ನು ಸಮಾಧಿಯ ಸೇವೆಗೆ ಮುಡಿಪಿಟ್ಟರು. ದೇವದಾಸಿಯರೂ ಸೇರಿದಂತೆ ಹೆಂಗಸರಿಗೆ ಅಲ್ಲಿ ಪೂಜಿಸುವ, ಹಾಡುವ ಹಕ್ಕು ತಪ್ಪಬಾರದೆಂದು ಷರತ್ತು ಹಾಕಿದರು. 1952ರ ಮೇ 19ರಂದು ಕಾಲವಾದರು. ತ್ಯಾಗರಾಜರ ಸನ್ನಿಧಿಯ ಸಮೀಪದಲ್ಲಿಯೇ ಆಕೆಯ ಸಮಾಧಿಯಿದೆ. ಸ್ವಾಮಿಗಳ ಕಡೆ ಮುಖ ಮಾಡಿ ಕುಳಿತ ಪ್ರತಿಮೆಯೂ ಇದೆ.

ಮನೆತನದ ಹೆಸರು ಇಲ್ಲದವರು ಹೆಸರನ್ನು ಗಳಿಸಬೇಕಾಗುತ್ತದೆ. ನಾಗರತ್ನಮ್ಮನವರು ಅದನ್ನು ಗಳಿಸಿದ್ದು ಓದಿನಿಂದ, ಶ್ರಮದಿಂದ, ಅಪವಾದಕ್ಕೆ ಬೆನ್ನು ತೋರಿಸದ ಧೈರ್ಯದಿಂದ. ಪುಸ್ತಕ ಮುಟ್ಟುಗೋಲಾದರೂ ವಾದವನ್ನು ಬಿಡಲಿಲ್ಲ, ಹಾಡಲು ಜಾಗ ಕೊಡದಿದ್ದರೂ ಹಾಡನ್ನು ಬಿಡಲಿಲ್ಲ. ಲೋಕ ಯಾವುದನ್ನು ನಾಚಿಕೆಗೇಡೆಂದು ಕರೆಯಿತೋ ಅದು ಬಹಳಮಟ್ಟಿಗೆ, ಹೆಣ್ಣೊಬ್ಬಳು ತಲೆಯೆತ್ತಿ ಮಾತನಾಡಿದಳೆಂಬುದೇ ಆಗಿತ್ತು. ಆಕೆ ಹುಟ್ಟಿದ ಸೀಮೆಯ ವಿದ್ಯಾರ್ಥಿಗಳಾದ ನಾವು, ವಿಶೇಷವಾಗಿ ನಮ್ಮ ಸೋದರಿಯರು, ರಸಬಾಳೆಯೊಡನೆ ಆಕೆಯ ಹೆಸರನ್ನೂ ನೆನೆದರೆ ಊರಿನ ಋಣ ಸ್ವಲ್ಪವಾದರೂ ತೀರೀತು.