ಅಶೋಕನ ಅಡುಗೆಮನೆ

ಚಳ್ಳಕೆರೆಯಿಂದ ಹೊರಟು ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯನ್ನು ತಲುಪಿ, ಅಶೋಕನ ಶಾಸನದ ಮುಂದೆ ನಾನು ಬಹಳ ಹೊತ್ತು ನಿಂತೆನು. ಬಿಂದುಸಾರನ ಮಗನಾದ ಈ ಮೌರ್ಯ ಚಕ್ರವರ್ತಿ ಕ್ರಿ.ಪೂ. 3ನೆಯ ಶತಮಾನದಲ್ಲಿ ಆಳಿದವನು. ಪಟ್ಟಾಭಿಷೇಕವಾಗಿ 8 ವರ್ಷಗಳಾದ ಮೇಲೆ ಕಳಿಂಗವನ್ನು ಗೆದ್ದನು. ಅಲ್ಲಿ ಮಡಿದ ಲಕ್ಷ ಜನರನ್ನು ನೆನೆದು ಪಶ್ಚಾತ್ತಾಪಪಟ್ಟು ಧರ್ಮದ ದಾರಿ ಹಿಡಿದನು. ಬ್ರಹ್ಮಗಿರಿಯ ಶಾಸನ ತಾಯಿತಂದೆಗಳ ಸೇವೆಯನ್ನೂ ಪ್ರಾಣಿದಯೆಯನ್ನೂ ಬೋಧಿಸುತ್ತದೆ.

ಆ ದಯೆ ಅವನ ಅಡುಗೆಮನೆಯನ್ನೂ ಹೊಕ್ಕಿತು. ದಿನವೂ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದಲ್ಲಿ ಈಗ 2 ನವಿಲು, 1 ಜಿಂಕೆ ಮಾತ್ರವೆಂದೂ, ಮುಂದೆ ಅವನ್ನೂ ಕೊಲ್ಲುವುದಿಲ್ಲವೆಂದೂ ಗಿರ್ನಾರಿನ ಬಂಡೆಯಲ್ಲಿ ಸಾರಿದನು. ರಾಣಿ ಕಾರುವಾಕಿಯ ದಾನಗಳು ಅವಳ ಹೆಸರಿನಲ್ಲಿಯೇ ದಾಖಲಾಗಬೇಕೆಂದು ವಿಧಿಸಿದನು. ಬ್ರಹ್ಮಗಿರಿಯಲ್ಲಿ ಲಿಪಿಕಾರ ಚಪಡನ ಹೆಸರೂ ಉಳಿದಿದೆ. ಆದರೆ ಅಡುಗೆಯವರ ಹೆಸರು ಅವನ ಯಾವ ಶಾಸನದಲ್ಲಿಯೂ ಇಲ್ಲ. ಅವರು ಗಂಡಸರೋ ಹೆಂಗಸರೋ ಎಂಬುದೂ ಇಲ್ಲ.

ಇಂದಿಗೂ ನಾನು ಕಂಡ ಮದುವೆಮನೆಗಳಲ್ಲಿ ಮುಖ್ಯ ಅಡುಗೆಯವರು ಗಂಡಸರೇ. ತರಕಾರಿ ಹೆಚ್ಚುವವರು, ಪಾತ್ರೆ ತೊಳೆಯುವವರು ಹೆಂಗಸರು. ಊಟ ರುಚಿಸಿದರೆ ನಳಪಾಕವೆಂದು ಹೊಗಳುತ್ತೇವೆ. ದಿನವೂ ಒಲೆ ಹಚ್ಚುವ ತಾಯಿಯ ಹೆಸರಿನಲ್ಲಿ ಯಾವ ಪಾಕವೂ ಇಲ್ಲ. ದಾನಕ್ಕೆ ರಾಣಿಯ ಹೆಸರು ಸಲ್ಲಬೇಕೆಂದ ನ್ಯಾಯ, ದುಡಿಮೆಗೆ ಅಡುಗೆಯವಳ ಹೆಸರು ಸಲ್ಲಬೇಕೆಂದೂ ಹೇಳಬೇಡವೇ?