ಹಿಮದಡಿ ಆರು ದಿನ: ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ

ಏಪ್ರಿಲ್ ಬಂತಂದ್ರೆ ವಾಡಿ, ಶಹಾಬಾದ್ ಕಡೆ ಮಧ್ಯಾಹ್ನ ಹೊರಗೆ ಕಾಲಿಡೋದೇ ಕಷ್ಟ. ಚಿಂಚೋಳಿ ಕಡೆ ಎಂದಾದರೂ ಆಲಿಕಲ್ಲು ಬಿದ್ದರೆ ಅದೇ ನಮ್ಮ ಪಾಲಿನ ಹಿಮ. ಇಂಥ ಬಿಸಿಲಿನ ಸೀಮೆಯವರಿಗೆ ಹಿಮಕುಸಿತದ ಸುದ್ದಿ ಯಾಕೆ ಅಂತ ಕೇಳಬಹುದು. ಆದರೆ ನಮ್ಮ ಹಾಗೇ ಕರಿಮಣ್ಣಿನ ಊರಲ್ಲಿ ಬೆಳೆದ ಒಬ್ಬರು ಆರು ದಿನ ಹಿಮದ ಕೆಳಗಿದ್ದು ಜೀವಂತ ಹೊರಗೆ ಬಂದಿದ್ದರು. ಆಗ ನಾವೆಲ್ಲ ಪ್ರೈಮರಿ ಶಾಲೆ ಹುಡುಗರು. ಮನೆಮಂದಿಯೆಲ್ಲ ಟಿವಿ ಮುಂದೆ ಕೂತಿದ್ದಷ್ಟೇ ನೆನಪು.

ಹನುಮಂತಪ್ಪ ಕೊಪ್ಪದ ಅವರ ಊರು ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರು. 2002ರ ಅಕ್ಟೋಬರ್‌ನಲ್ಲಿ ಸೇನೆಗೆ ಸೇರಿ ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್‌ನಲ್ಲಿದ್ದರು. ಹದಿಮೂರು ವರ್ಷದ ಸೇವೆಯಲ್ಲಿ ಹತ್ತು ವರ್ಷ ಕಷ್ಟದ ಜಾಗಗಳಲ್ಲೇ ಕಳೆದಿತ್ತು: ಜಮ್ಮು-ಕಾಶ್ಮೀರ, ರಾಷ್ಟ್ರೀಯ ರೈಫಲ್ಸ್, ಈಶಾನ್ಯ ರಾಜ್ಯಗಳು. 2015ರ ಆಗಸ್ಟ್‌ನಿಂದ ಸಿಯಾಚಿನ್.

ಸಿಯಾಚಿನ್‌ನಲ್ಲಿ 1984ರಿಂದ ನಮ್ಮ ಸೇನೆ ಇದೆ. ಅಲ್ಲಿ ಗುಂಡಿಗೆ ಬಲಿಯಾದವರಿಗಿಂತ ಹವಾಮಾನಕ್ಕೆ ಬಲಿಯಾದವರೇ ಹೆಚ್ಚು. ಆಚೆ ಕಡೆಯವರ ಕಥೆಯೂ ಅದೇ. 2012ರ ಏಪ್ರಿಲ್‌ನಲ್ಲಿ ಗಯಾರಿ ಎಂಬಲ್ಲಿ ಒಂದೇ ಹಿಮಕುಸಿತದಲ್ಲಿ ಪಾಕಿಸ್ತಾನದ 140 ಜನ ಹೋದರು.

ಹಿಮ ಹೇಗೆ ಕುಸಿಯುತ್ತೆ ಅಂತ ತಿಳಿಯೋಕೆ ಶಹಾಬಾದಿನ ಕಲ್ಲು ಗಣಿ ನೆನೆಸಿಕೊಳ್ಳಿ. ಪರಸಿ ಕಲ್ಲು ಪದರ ಪದರವಾಗಿ ಕೂತಿರುತ್ತೆ. ಸಂದು ನೋಡಿ ಹಾರೆ ಹಾಕಿದರೆ ಇಡೀ ಹಾಸು ಮೇಲೇಳುತ್ತೆ. ಬೆಟ್ಟದ ಮೇಲಿನ ಹಿಮವೂ ಹಾಗೇ, ಒಂದೊಂದು ಬಿರುಗಾಳಿಗೆ ಒಂದೊಂದು ಪದರ. ಕೆಳಗಿನ ಪದರ ಸಕ್ಕರೆ ಹಾಗೆ ಸಡಿಲವಾಗಿದ್ದು, ಮೇಲೆ ಹೊಸ ಹಿಮದ ಭಾರ ಬಿದ್ದು, ಇಳಿಜಾರು 30ರಿಂದ 45 ಡಿಗ್ರಿ ಇದ್ದರೆ ಹಾರೆ ಬೇಕಾಗಿಲ್ಲ, ಒಬ್ಬ ಮನುಷ್ಯನ ಭಾರವೇ ಸಾಕು. 2016ರ ಫೆಬ್ರವರಿ 3ರಂದು ಸೋನಂ ಪೋಸ್ಟ್ ಮೇಲೆ ಬಿದ್ದದ್ದು ಮಾತ್ರ ಇದಕ್ಕಿಂತ ಭಯಂಕರ. ಅದು ಒಂದು ದೊಡ್ಡ ಮಂಜುಗಡ್ಡೆಯ ಗೋಡೆ. ಎತ್ತರ 19,600 ಅಡಿ, ಗಾಳಿಯಲ್ಲಿ ಆಮ್ಲಜನಕ ನಮ್ಮಲ್ಲಿಯ ಅರ್ಧದಷ್ಟು. ಟೆಂಟಿನಲ್ಲಿದ್ದ ಹತ್ತು ಜನರೂ ಹೂತುಹೋದರು.

ಸಾಮಾನ್ಯವಾಗಿ ಹಿಮದಲ್ಲಿ ಹೂತವರನ್ನು ಹತ್ತು-ಹದಿನೈದು ನಿಮಿಷದೊಳಗೆ ತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಆಮೇಲೆ ತಮ್ಮ ಉಸಿರೇ ಅವರನ್ನು ಕೊಲ್ಲುತ್ತೆ, ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತೆ ನೋಡ್ರಿ. ಇಲ್ಲಿ ಹುಡುಕಾಟಕ್ಕೇ ದಿನಗಳು ಹಿಡಿದವು. ಕಾಂಕ್ರೀಟಿಗಿಂತ ಗಟ್ಟಿಯಾದ ನೀಲಿ ಮಂಜುಗಡ್ಡೆ, ರಾತ್ರಿ ಮೈನಸ್ 40 ಡಿಗ್ರಿಗೂ ಕೆಳಗೆ. ಕಲ್ಲು ಕತ್ತರಿಸುವ ಯಂತ್ರ, ನೆಲ ಭೇದಿಸಿ ನೋಡುವ ರೇಡಾರ್, ತರಬೇತಾದ ನಾಯಿಗಳು, ಎಲ್ಲವೂ ಬಂದವು. ರಕ್ಷಣೆಗೆ ಹೋದವರೂ ಅದೇ ತೆಳು ಗಾಳಿಯಲ್ಲೇ ಅಗೆಯಬೇಕಿತ್ತು. ಯಾರೂ ಬದುಕಿರಲಾರರು ಎಂದು ಸೇನೆಯೂ ಸರ್ಕಾರವೂ ಆಗಲೇ ಹೇಳಿಬಿಟ್ಟಿದ್ದವು. ಆದರೂ ಅಗೆಯೋದು ನಿಲ್ಲಿಸಲಿಲ್ಲ. ನನಗೆ ಈ ಕಥೆಯಲ್ಲಿ ಅತಿ ದೊಡ್ಡದು ಅನ್ನಿಸೋದು ಇದೇ.

ಫೆಬ್ರವರಿ 8ರ ರಾತ್ರಿ, 25ರಿಂದ 35 ಅಡಿ ಕೆಳಗೆ, ಟೆಂಟಿನೊಳಗೆ ಉಳಿದಿದ್ದ ಗಾಳಿಯ ಪೊಳ್ಳಿನಲ್ಲಿ ಹನುಮಂತಪ್ಪ ಸಿಕ್ಕರು. ಅರೆಪ್ರಜ್ಞೆ ಇತ್ತು. ಅಷ್ಟು ಚಳಿಯಲ್ಲೂ ಹಿಮಹುಣ್ಣು ಆಗಿರಲಿಲ್ಲ. ಮರುದಿನವೇ ದೆಹಲಿಯ ಸೇನಾ ಆಸ್ಪತ್ರೆಗೆ ತಂದರು. ದೇಶವೆಲ್ಲ ಪವಾಡ ಅಂತು. ಆದರೆ ಅಪಾಯ ಅಲ್ಲಿಂದಲೇ ಶುರು. ದಿನಗಟ್ಟಲೆ ತಣ್ಣಗಾಗಿದ್ದ ಅಂಗಗಳಿಗೆ ಮತ್ತೆ ರಕ್ತ ಹರಿದಾಗ ದೇಹಕ್ಕೆ ಅದನ್ನು ತಡೆಯೋದು ಕಷ್ಟ. ನ್ಯುಮೋನಿಯಾ ಇತ್ತು, ಮೂತ್ರಪಿಂಡ ಮತ್ತು ಯಕೃತ್ತು ಸೋತಿದ್ದವು. ಫೆಬ್ರವರಿ 11ರ ಬೆಳಿಗ್ಗೆ 11.45ಕ್ಕೆ ಅವರು ತೀರಿಕೊಂಡರು. ವಯಸ್ಸು 33. ಮನೆಯಲ್ಲಿ ತಾಯಿ, ಹೆಂಡತಿ, ಪುಟ್ಟ ಮಗಳು.

ಮರುದಿನ ಬೆಟದೂರಿನಲ್ಲಿ ಮಣ್ಣು ಮಾಡಿದಾಗ ಸುತ್ತಲ ಊರುಗಳ ಜನ ಸಾವಿರಗಟ್ಟಲೆ ಸೇರಿದ್ದರು. ಮುಂದೆ ಮರಣೋತ್ತರವಾಗಿ ಸೇನಾ ಪದಕ ಬಂತು. ಉಳಿದ ಒಂಬತ್ತು ಜನರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತದ? ಅವರಲ್ಲಿ ಇಬ್ಬರು ಹಾಸನ, ಮೈಸೂರು ಜಿಲ್ಲೆಯವರು. ಹನುಮಂತಪ್ಪ ಅವರ ಅಂತ್ಯಕ್ರಿಯೆ ಮುಗಿದರೂ ಆ ಒಂಬತ್ತು ದೇಹಗಳು ಇನ್ನೂ ಮೇಲೆಯೇ ಇದ್ದವು. ಹವಾಮಾನ ತೆರವಾಗಿ ಹೆಲಿಕಾಪ್ಟರ್ ಹಾರುವ ತನಕ ಮನೆಯವರು ಕಾಯಬೇಕಾಯಿತು.